ಹೊಸ ರೂಟರ್ ಬಂದ ಮೇಲೆ ಪ್ರಿಂಟರ್ ವೈಫೈಗೆ ಸೇರುತ್ತಿಲ್ಲ. ಹೆಸರೂ ಪಾಸ್‌ವರ್ಡೂ ಹಳೆಯವೇ ಇವೆ

ಪ್ರಶ್ನೆ: ಶಿರಸಿ ತಾಲೂಕಿನ ನಿವೃತ್ತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ 18 ಕಿಲೋಮೀಟರ್ ಒಳಗಿರುವ ಅಡಿಕೆ ತೋಟದ ಮನೆ ನಮ್ಮದು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ, ಭಾನುವಾರ ಬೆಳಿಗ್ಗೆ ಊರಿನ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತೇನೆ. ಅವರಿಗೆ ಬೇಕಾದ ಅಭ್ಯಾಸದ ಹಾಳೆಗಳನ್ನು 2019ರಲ್ಲಿ ಕೊಂಡ ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಮನೆಯಲ್ಲೇ ಮುದ್ರಿಸಿಕೊಳ್ಳುವುದು ರೂಢಿ.

ಈ ಜೂನ್ ಮೊದಲ ವಾರದ ಸಿಡಿಲಿಗೆ ನಮ್ಮ ಹಳೆಯ ರೂಟರ್ ಸುಟ್ಟುಹೋಯಿತು. ಫೈಬರ್ ಸಂಪರ್ಕ ಕೊಟ್ಟವರು ಬಂದು ಹೊಸ ರೂಟರ್ ಇಟ್ಟರು. ಮನೆಯ ಸಾಧನಗಳಲ್ಲೆಲ್ಲ ಮತ್ತೆ ಪಾಸ್‌ವರ್ಡ್ ಹಾಕುತ್ತ ಕೂರುವುದು ಬೇಡವೆಂದು, ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಹಿಂದಿನಂತೆಯೇ ಇಡಲು ನಾನೇ ಹೇಳಿದೆ. ಅದರಂತೆ ನಮ್ಮಿಬ್ಬರ ಫೋನುಗಳೂ ಲ್ಯಾಪ್‌ಟಾಪೂ ಅರೆಗಳಿಗೆಯಲ್ಲಿ ತಾವಾಗಿ ಸೇರಿಕೊಂಡವು. ಪ್ರಿಂಟರ್ ಮಾತ್ರ ಸೇರುತ್ತಿಲ್ಲ. ಅದರ ವೈಫೈ ದೀಪ ಮಿನುಗುತ್ತಲೇ ಇರುತ್ತದೆ, ಸ್ಥಿರವಾಗಿ ನಿಲ್ಲುವುದಿಲ್ಲ. ಆರಿಸಿ ಹಚ್ಚಿದ್ದಾಯಿತು, ಪ್ರಿಂಟರನ್ನು ಹೊತ್ತು ತಂದು ರೂಟರಿನ ಪಕ್ಕದಲ್ಲೇ ಇಟ್ಟು ನೋಡಿದ್ದಾಯಿತು, ಫೋನಿನ ಆ್ಯಪ್‌ನಲ್ಲಿ ಮೂರು ಸಲ ಪಾಸ್‌ವರ್ಡ್ ಹಾಕಿದ್ದಾಯಿತು. ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಿಂದ ಕೊಟ್ಟರೆ ಮುದ್ರಣಕ್ಕೆ ಯಾವ ತೊಂದರೆಯೂ ಇಲ್ಲ.

ದುರಸ್ತಿ ಮಾಡುವವರೊಬ್ಬರಿಗೆ ಫೋನಿನಲ್ಲಿ ವಿವರಿಸಿದಾಗ, ಸಿಡಿಲಿಗೆ ಪ್ರಿಂಟರಿನ ವೈಫೈ ಭಾಗವೂ ಸುಟ್ಟಿರಬೇಕು, ಬೋರ್ಡ್ ಬದಲಿಸಬೇಕು ಎಂದರು. ಅದಕ್ಕೆ ಅವರು ಹೇಳಿದ ದರ ಹೊಸ ಪ್ರಿಂಟರಿನ ಅರ್ಧ ಬೆಲೆಗೆ ಹತ್ತಿರವಿದೆ. ಈ ಮಳೆಯಲ್ಲಿ ಶಾಯಿ ತುಂಬಿದ ಪ್ರಿಂಟರನ್ನು ಬಸ್ಸಿನಲ್ಲಿ ಒಯ್ಯುವುದೂ ಕಷ್ಟ. ಆ ಭಾಗ ನಿಜವಾಗಿ ಸುಟ್ಟಿದೆಯೇ ಇಲ್ಲವೇ ಎಂಬುದನ್ನು ಮನೆಯಲ್ಲೇ ಕಂಡುಕೊಳ್ಳುವ ದಾರಿ ಇದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕಾರವಾರದಿಂದ, ಕಚೇರಿಗಳ ಗಣಕಜಾಲ ನೋಡಿಕೊಳ್ಳುವವರು

ಅಕ್ಕೋರೇ, ನಮಸ್ಕಾರ. ಖಂಡಿತ ದಾರಿ ಇದೆ, ಅದಕ್ಕೆ ಖರ್ಚೂ ಇಲ್ಲ. ಅದನ್ನು ಮಾಡಿ ನೋಡುವ ತನಕ ಬೋರ್ಡ್ ಬದಲಿಸಲು ಒಪ್ಪಬೇಡಿ.

ಮನೆಯಲ್ಲಿ ಎರಡು ಫೋನುಗಳಿವೆ ಎಂದಿದ್ದೀರಿ. ಒಂದರಲ್ಲಿ ಹಾಟ್‌ಸ್ಪಾಟ್ ತೆರೆಯಿರಿ. ತೆರೆಯುವ ಮೊದಲು ಅದರ ಸೆಟ್ಟಿಂಗ್ಸ್ ಒಳಗೆ ಹೋಗಿ, ಬ್ಯಾಂಡ್ ಎಂಬಲ್ಲಿ 2.4 ಗಿಗಾಹರ್ಟ್ಸ್ ಎಂದೂ ಸೆಕ್ಯುರಿಟಿ ಎಂಬಲ್ಲಿ ಡಬ್ಲ್ಯೂಪಿಎ 2 ಎಂದೂ ಆರಿಸಿಕೊಳ್ಳಬೇಕು. ಈಚಿನ ಹಲವು ಫೋನುಗಳು ಹೇಳದಿದ್ದರೆ ಬೇರೆಯದನ್ನೇ ಇಟ್ಟುಕೊಂಡಿರುತ್ತವೆ. ಐಫೋನ್ ಆಗಿದ್ದರೆ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಎಂಬುದನ್ನು ಚಾಲೂ ಮಾಡಿದರೆ ಸಾಕು. ಎರಡನೆಯ ಫೋನನ್ನು ಆ ಹಾಟ್‌ಸ್ಪಾಟಿಗೆ ಸೇರಿಸಿ, ಅದರಲ್ಲಿರುವ ಪ್ರಿಂಟರಿನ ಆ್ಯಪ್ ಮೂಲಕ ಪ್ರಿಂಟರನ್ನೂ ಅಲ್ಲಿಗೇ ಸೇರಿಸಲು ಯತ್ನಿಸಿ. ದೀಪ ಸ್ಥಿರವಾಗಿ ನಿಂತಿತೆಂದರೆ ಪ್ರಿಂಟರಿನ ವೈಫೈ ಭಾಗ ಸರಿಯಾಗಿದೆ, ತಕರಾರು ಇರುವುದು ಹೊಸ ರೂಟರ್ ಮತ್ತು ಪ್ರಿಂಟರಿನ ನಡುವೆ ಎಂದು ನಿಶ್ಚಯವಾಗುತ್ತದೆ.

ಆ್ಯಪ್ ಬಳಸುವಾಗ ಹಲವರು ಎಡವುವ ಜಾಗ ಒಂದಿದೆ. ಜೋಡಣೆಯ ಹೊತ್ತಿನಲ್ಲಿ ಪ್ರಿಂಟರ್ ತನ್ನದೇ ಒಂದು ತಾತ್ಕಾಲಿಕ ವೈಫೈ ಹೊರಡಿಸುತ್ತದೆ, ಫೋನು ಕ್ಷಣಕಾಲ ಅದಕ್ಕೆ ಸೇರಬೇಕಾಗುತ್ತದೆ. ಅದರಲ್ಲಿ ಇಂಟರ್ನೆಟ್ ಇರುವುದಿಲ್ಲವಾದ್ದರಿಂದ ಫೋನು ಅದನ್ನು ಬಿಟ್ಟು ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ, ಜೋಡಣೆ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಆ ಎರಡನೆಯ ಫೋನಿನಲ್ಲಿ ಮೊಬೈಲ್ ಡೇಟಾ ಆರಿಸಿಡಿ. ಆಂಡ್ರಾಯ್ಡ್ ಫೋನಾದರೆ ಲೊಕೇಶನ್ ಹಚ್ಚಿ, ಆ್ಯಪ್‌ಗೆ ಅದರ ಅನುಮತಿಯನ್ನೂ ಕೊಡಿ. ಅದಿಲ್ಲದಿದ್ದರೆ ಸುತ್ತಲಿನ ವೈಫೈ ಹೆಸರುಗಳೇ ಆ್ಯಪ್‌ಗೆ ಕಾಣದೆ ಹೋಗಬಹುದು.

ಈಗ ನನ್ನ ಅನುಮಾನವನ್ನು ಹೇಳುತ್ತೇನೆ. ನಾವೆಲ್ಲ 'ಕನೆಕ್ಟ್ ಆಗುತ್ತಿಲ್ಲ' ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವಾದರೂ ಅದರೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ತೋಟದ ಆಚೆ ಬದಿಯಿಂದ ಒಬ್ಬರು ಕೂ ಹಾಕಿದರೆ ಮೊದಲು ಅದು ಈಚೆಯವರಿಗೆ ಕೇಳಬೇಕು. ಬಂದವರನ್ನು ಗುರುತು ಹಿಡಿದು ಬಾಗಿಲು ತೆಗೆಯಬೇಕು. ಒಳಗೆ ಬಂದವರು ಎಲ್ಲಿ ಕೂತಿದ್ದಾರೆಂದು ಮನೆಯ ಉಳಿದವರಿಗೆ ತಿಳಿಯಬೇಕು. ಪ್ರಿಂಟರ್ ಯಾವ ಹಂತದಲ್ಲಿ ನಿಂತಿದೆಯೆಂದು ತಿಳಿಯದೆ ರೀಸೆಟ್ ಮಾಡುತ್ತ ಹೋದರೆ ದಿನ ಕಳೆಯುತ್ತದೆಯೇ ಹೊರತು ಕೆಲಸವಾಗುವುದಿಲ್ಲ.

ಮೊದಲ ಹಂತದಲ್ಲೇ ನಿಂತಿರುವ ಸಾಧ್ಯತೆ ಇದೆ. ಆ ಕಾಲದ ಮನೆಬಳಕೆಯ ಪ್ರಿಂಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಅಲೆಗಳನ್ನಷ್ಟೇ ಬಲ್ಲವು. ಹೊಸ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುತ್ತವೆ. ಫೋನುಗಳಿಗೆ ಇದು ಅನುಕೂಲ. ಆದರೆ ಫೋನು 5ರಲ್ಲಿ ಇದ್ದುಕೊಂಡು ಪ್ರಿಂಟರನ್ನು ಜೋಡಿಸಹೊರಟಾಗ ಕೆಲವು ಆ್ಯಪ್‌ಗಳು ಗಲಿಬಿಲಿಗೊಳ್ಳುತ್ತವೆ. ಬ್ರೌಸರಿನಲ್ಲಿ ತೆರೆಯುವ ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, 5ರ ಹೆಸರಿನ ಕೊನೆಗೆ ಒಂದು ಗುರುತು ಸೇರಿಸಿ, 2.4ಕ್ಕೆ ಹಳೆಯ ಹೆಸರನ್ನೇ ಉಳಿಸಿದರೆ ಈ ಗೊಂದಲ ತಪ್ಪುತ್ತದೆ. ಹಾಗೆಯೇ 2.4ರ ಚಾನೆಲನ್ನು, ಅಂದರೆ ಆ ಅಲೆಗಳೊಳಗಿನ ಸಣ್ಣ ವಿಭಾಗವನ್ನು, 'ಆಟೋ' ಎಂದು ಬಿಡದೆ 1, 6 ಅಥವಾ 11ಕ್ಕೆ ನಿಲ್ಲಿಸಿ. ನಮ್ಮಲ್ಲಿ ರೂಟರುಗಳು 12 ಅಥವಾ 13ಕ್ಕೂ ಹೋಗಬಲ್ಲವು, ಆದರೆ 11ರಾಚೆ ಕೇಳಿಸಿಕೊಳ್ಳದ ಪ್ರಿಂಟರುಗಳಿವೆ.

ಇದಾದ ಮೇಲೆ ಪ್ರಿಂಟರಿನಿಂದಲೇ ಅದರ ನೆಟ್‌ವರ್ಕ್ ವರದಿಯನ್ನು ಮುದ್ರಿಸಿ. ಯಾವ ಗುಂಡಿಯನ್ನು ಎಷ್ಟು ಸೆಕೆಂಡು ಒತ್ತಿ ಹಿಡಿಯಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿ ಇರುತ್ತದೆ. ಆ ಒಂದು ಹಾಳೆಯಲ್ಲಿ ಏನಿದೆಯೆಂದು ಇಲ್ಲಿ ಬರೆದರೆ ಮುಂದಿನದು ಸುಲಭ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ.

ಮತ್ತೆ ಪ್ರಶ್ನೆ ಕೇಳಿದವರು

ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಹಾಟ್‌ಸ್ಪಾಟಿಗೆ ಪ್ರಿಂಟರ್ ಎರಡನೆಯ ಯತ್ನದಲ್ಲೇ ಸೇರಿತು, ದೀಪ ನಿಂತಿತು. ಅಂದರೆ ಯಾವ ಭಾಗವೂ ಸುಟ್ಟಿಲ್ಲ. ಮೊದಲ ಯತ್ನ ಕೆಟ್ಟದ್ದು ನೀವು ಹೇಳಿದ ಮೊಬೈಲ್ ಡೇಟಾದಿಂದಲೇ.

ರೂಟರಿನ ಅಡಿಯ ಚೀಟಿಯಲ್ಲಿದ್ದ ವಿಳಾಸ ಹಾಕಿ ಪುಟ ತೆರೆದು ಎರಡು ಹೆಸರುಗಳನ್ನು ಬೇರೆ ಮಾಡಿದೆ, ಚಾನೆಲನ್ನು 6ಕ್ಕೆ ಇಟ್ಟೆ. ಆದರೂ ರೂಟರಿಗೆ ಪ್ರಿಂಟರ್ ಸೇರಲಿಲ್ಲ. ವರದಿಯ ಹಾಳೆಯಲ್ಲಿ ನಮ್ಮ ವೈಫೈ ಹೆಸರು ಸರಿಯಾಗಿ ಬಂದಿದೆ, ಸಿಗ್ನಲ್ ಉತ್ತಮ ಎಂದಿದೆ. ಅದರ ಕೆಳಗೆ ಒಂದು ದೋಷ ಸಂಕೇತವಿದೆ. ಕೈಪಿಡಿಯಲ್ಲಿ ನೋಡಿದರೆ ಭದ್ರತೆಯ ವಿಧಾನ ಹೊಂದುತ್ತಿಲ್ಲ ಎಂಬ ಅರ್ಥ ಕೊಟ್ಟಿದ್ದಾರೆ. ಪಾಸ್‌ವರ್ಡ್ ತಪ್ಪಾಗಿದ್ದರೆ ಬರುವ ಸಂಕೇತವೇ ಬೇರೆ ಎಂದೂ ಅಲ್ಲೇ ಇದೆ. ಪಾಸ್‌ವರ್ಡ್ ಸರಿಯಿದ್ದೂ ಭದ್ರತೆ ಹೊಂದದಿರುವುದು ಹೇಗೆ ಎಂಬುದು ನನಗೆ ಅರ್ಥವಾಗಲಿಲ್ಲ.

ಉತ್ತರ: ಕುಮಟಾದಿಂದ, ಕಂಪ್ಯೂಟರ್ ದುರಸ್ತಿ ಮಾಡುವವರು

ಅಕ್ಕೋರೇ, ನಿಮ್ಮ ಪ್ರಿಂಟರಿಗೆ ಕೂಗು ಕೇಳಿಸಿದೆ, ಬಾಗಿಲ ತನಕ ಬಂದು ನಿಂತಿದೆ. ಅಲ್ಲಿ ಕೀಲಿ ಸರಿಯಾಗಿಯೇ ಇದ್ದರೂ ಬೀಗದ ಜಾತಿ ಬದಲಾಗಿದೆ.

ಪಾಸ್‌ವರ್ಡ್ ಎಂಬುದು ಗಾಳಿಯಲ್ಲಿ ಹಾಗೆಯೇ ಹೋಗುವುದಿಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ಎರಡೂ ಕಡೆಯವರು ಒಂದು ಲೆಕ್ಕ ಮಾಡಿ, ತಮ್ಮಲ್ಲಿರುವುದು ಒಂದೇ ಎಂದು ಪರಸ್ಪರ ಖಾತರಿ ಮಾಡಿಕೊಳ್ಳುತ್ತಾರೆ. ಆ ಲೆಕ್ಕದ ಕ್ರಮಕ್ಕೇ ಡಬ್ಲ್ಯೂಪಿಎ 2, ಡಬ್ಲ್ಯೂಪಿಎ 3 ಎಂಬ ಹೆಸರುಗಳಿರುವುದು. ಎರಡನೆಯದು 2004ರಿಂದ ಬಳಕೆಯಲ್ಲಿದೆ. ಮೂರನೆಯದು ಪ್ರಕಟವಾದದ್ದು 2018ರಲ್ಲಿ. 2019ರಲ್ಲಿ ಅಂಗಡಿಯಲ್ಲಿದ್ದ ಪ್ರಿಂಟರಿನ ಒಳಗಿನ ವೈಫೈ ಚಿಪ್ ಅದಕ್ಕಿಂತ ಹಿಂದೆಯೇ ರೂಪುಗೊಂಡದ್ದಾಗಿರುತ್ತದೆ, ಅದಕ್ಕೆ ಮೂರನೆಯ ಕ್ರಮ ಗೊತ್ತಿಲ್ಲ. ನಿಮ್ಮ ಫೋನುಗಳೂ ಲ್ಯಾಪ್‌ಟಾಪೂ ಎರಡನ್ನೂ ಬಲ್ಲವಾದ್ದರಿಂದ ಬದಲಾವಣೆ ನಿಮ್ಮ ಗಮನಕ್ಕೆ ಬಾರದಂತೆ ಹೊಂದಿಕೊಂಡವು. ರೂಟರ್ ಬದಲಿಸುವಾಗ ಹಳೆಯ ಹೆಸರನ್ನೂ ಪಾಸ್‌ವರ್ಡನ್ನೂ ಉಳಿಸಿಕೊಳ್ಳುವುದು ಒಳ್ಳೆಯ ಉಪಾಯವೇ, ನನ್ನ ಗ್ರಾಹಕರಿಗೂ ಅದನ್ನೇ ಹೇಳುತ್ತೇನೆ. ಆದರೆ ಅದು ಪೂರ್ತಿ ಫಲ ಕೊಡಬೇಕಾದರೆ ಭದ್ರತೆಯ ವಿಧಾನವೂ ಹಿಂದಿನದೇ ಇರಬೇಕು.

ರೂಟರಿನ ಪುಟದಲ್ಲಿ 2.4ರ ಭಾಗಕ್ಕೆ ಹೋಗಿ, ಸೆಕ್ಯುರಿಟಿ ಎಂಬಲ್ಲಿ 'ಡಬ್ಲ್ಯೂಪಿಎ 2 ಪರ್ಸನಲ್' ಎಂದೋ 'ಡಬ್ಲ್ಯೂಪಿಎ 2 ಪಿಎಸ್‌ಕೆ' ಎಂದೋ ಇರುವುದನ್ನು ಆರಿಸಿ. ಅದರ ಜೊತೆಗೆ ಎನ್‌ಕ್ರಿಪ್ಶನ್ ಕೇಳಿದರೆ 'ಎಇಎಸ್' ಎಂದು ಕೊಡಿ. 'ಡಬ್ಲ್ಯೂಪಿಎ 2 / ಡಬ್ಲ್ಯೂಪಿಎ 3' ಎಂದು ಎರಡನ್ನೂ ಬೆರೆಸಿದ ಆಯ್ಕೆಯೂ ಕಾಣಿಸುತ್ತದೆ. ನಿಯಮದ ಪ್ರಕಾರ ಅದರಲ್ಲಿ ಹಳೆಯ ಸಾಧನಗಳೂ ಸೇರಬೇಕು, ಆದರೆ ಅದನ್ನು ಕಂಡೊಡನೆ ತಡವರಿಸುವ ಹಳೆಯ ಪ್ರಿಂಟರುಗಳನ್ನು ನಾನು ನನ್ನ ಮೇಜಿನ ಮೇಲೆ ಹಲವು ಬಾರಿ ನೋಡಿದ್ದೇನೆ. ಹಾಗಾಗಿ 2.4ಕ್ಕೆ ಶುದ್ಧ ಡಬ್ಲ್ಯೂಪಿಎ 2 ಇಡಿ, 5ಕ್ಕೆ ಮೂರನೆಯದೇ ಇರಲಿ. ಕಾರವಾರದವರು ಹೆಸರುಗಳನ್ನು ಬೇರೆ ಮಾಡಿಸಿದ್ದು ಈಗ ಉಪಯೋಗಕ್ಕೆ ಬಂತು, ಏಕೆಂದರೆ ಎರಡನ್ನೂ ಒಂದೇ ಹೆಸರಿನಲ್ಲಿ ಇಟ್ಟರೆ ಹಲವು ರೂಟರುಗಳು ಭದ್ರತೆಯನ್ನು ಬೇರೆ ಬೇರೆ ಇಡಲು ಬಿಡುವುದಿಲ್ಲ.

ಒಂದು ವಿಷಯದಲ್ಲಿ ಎಚ್ಚರ ಇರಲಿ. ಹೇಗಾದರೂ ಸೇರಲಿ ಎಂದು ಪಾಸ್‌ವರ್ಡ್ ತೆಗೆದುಹಾಕುವುದು, 'ಡಬ್ಲ್ಯೂಇಪಿ' ಅಥವಾ 'ಟಿಕೆಐಪಿ' ಎಂಬ ಬಹಳ ಹಳೆಯ ಆಯ್ಕೆಗಳಿಗೆ ಇಳಿಯುವುದು ಬೇಡವೇ ಬೇಡ. ಇಂಟರ್ನೆಟ್ಟಿನಲ್ಲಿ ಹಾಗೆ ಸಲಹೆ ಕೊಡುವವರಿದ್ದಾರೆ. ತೋಟದ ನಡುವಿನ ಮನೆಗೆ ಯಾರು ಬರುತ್ತಾರೆ ಎಂದು ಅನಿಸಬಹುದು. ಆದರೆ ಅದೇ ವೈಫೈಯಲ್ಲಿ ನಿಮ್ಮ ಬ್ಯಾಂಕಿನ ವ್ಯವಹಾರವೂ ನಡೆಯುತ್ತದೆ. ಡಬ್ಲ್ಯೂಪಿಎ 2ರಲ್ಲಿ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಊಹಿಸಲಾಗದ 16 ಅಕ್ಷರಗಳಷ್ಟಿದ್ದರೆ ಮನೆಗೆ ಅದು ಸಾಕಷ್ಟು ಭದ್ರ.

ರೂಟರಿನ ಮೇಲೆ ಡಬ್ಲ್ಯೂಪಿಎಸ್ ಎಂಬ ಗುಂಡಿ ಇದ್ದರೆ ಆ್ಯಪ್ ಕೂಡ ಬೇಕಾಗಿಲ್ಲ. ಅದನ್ನು ಒತ್ತಿ, 2 ನಿಮಿಷದ ಒಳಗೆ ಪ್ರಿಂಟರಿನ ವೈಫೈ ಗುಂಡಿಯನ್ನು ಒತ್ತಿ ಹಿಡಿದರೆ ಅವೆರಡೂ ತಾವೇ ಜೋಡಿಯಾಗುತ್ತವೆ. ಡಬ್ಲ್ಯೂಪಿಎ 3 ಮಾತ್ರ ಇರುವಾಗ ಈ ಗುಂಡಿ ಕೆಲಸ ಮಾಡುವುದಿಲ್ಲ, ಮೊದಲು ಬದಲಿಸಿಕೊಂಡೇ ಒತ್ತಬೇಕು. ಕೆಲಸ ಮುಗಿದ ಮೇಲೆ ರೂಟರಿನ ಪುಟದಲ್ಲಿ ಆ ಸೌಲಭ್ಯವನ್ನು ಮುಚ್ಚಿಬಿಡಿ.

ಮತ್ತೆ ಪ್ರಶ್ನೆ ಕೇಳಿದವರು

ಸೇರಿತು! ಡಬ್ಲ್ಯೂಪಿಎ 2 ಮಾಡಿ ಗುಂಡಿಗಳನ್ನು ಒತ್ತಿದ ಅರ್ಧ ನಿಮಿಷದಲ್ಲಿ ದೀಪ ನಿಂತಿತು. ನೀವು ಅಂದದ್ದು ನಿಜ, ಅಲ್ಲಿ ಮೊದಲು ಮೂರನೆಯದೊಂದೇ ಇತ್ತು. ಫೋನಿನಿಂದ ಒಂದು ಹಾಳೆ ತೆಗೆದೆ, ಚೆನ್ನಾಗಿ ಬಂತು.

ಆದರೆ ನಾನು ಲೆಕ್ಕದ ಹಾಳೆಗಳನ್ನು ಬರೆಯುವುದು ಲ್ಯಾಪ್‌ಟಾಪ್‌ನಲ್ಲಿ. ಅದು ಪ್ರಿಂಟರ್ 'ಆಫ್‌ಲೈನ್' ಎಂದು ತೋರಿಸುತ್ತಿದೆ. ಎರಡೂ ಒಂದೇ ವೈಫೈಯಲ್ಲಿವೆ, ಫೋನಿಗೆ ಸಿಗುವುದು ಲ್ಯಾಪ್‌ಟಾಪಿಗೆ ಏಕೆ ಸಿಗುತ್ತಿಲ್ಲ? ಇನ್ನೊಂದು ಸಂಗತಿಯನ್ನು ಮೊದಲೇ ಹೇಳಬೇಕಿತ್ತು. ಮಾಳಿಗೆಯ ಮೇಲೆ ಸಿಗ್ನಲ್ ಸಾಲದೆಂದು ಹಿಂದೆ ಹಾಕಿಸಿದ್ದ ಇನ್ನೊಂದು ಸಣ್ಣ ರೂಟರ್ ಇದೆ. ಅದು ಸಿಡಿಲಿಗೆ ಸಿಗದೆ ಉಳಿದಿದೆ, ಅದರ ಹೆಸರು ಬೇರೆ.

ಉತ್ತರ: ಅಂಕೋಲಾದಿಂದ

ಮೂರನೆಯ ಹಂತಕ್ಕೆ ಬಂದಿದ್ದೀರಿ. ನಮ್ಮ ಮನೆಯಲ್ಲೂ ಹೋದ ವರ್ಷ ಇದೇ ಆಗಿತ್ತಾದ್ದರಿಂದ ಅನುಭವದಿಂದ ಬರೆಯುತ್ತಿದ್ದೇನೆ.

ವೈಫೈಗೆ ಸೇರಿದ ಪ್ರತಿ ಸಾಧನಕ್ಕೂ ರೂಟರ್ ಒಂದು ಐಪಿ ವಿಳಾಸ ಕೊಡುತ್ತದೆ. ಹಳೆಯ ರೂಟರ್ ಕೊಟ್ಟ ವಿಳಾಸಗಳು 192.168.0 ಎಂದು ಆರಂಭವಾಗುತ್ತಿದ್ದಿರಬಹುದು, ಹೊಸದು 192.168.1 ಎಂದು ಕೊಡುತ್ತಿರಬಹುದು. ಫೋನು ಪ್ರತಿ ಸಲ ಮುದ್ರಿಸುವಾಗಲೂ 'ಇಲ್ಲಿ ಪ್ರಿಂಟರ್ ಯಾರು?' ಎಂದು ಹೊಸದಾಗಿ ಕೇಳಿ ಹುಡುಕಿಕೊಳ್ಳುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಅನೇಕ ವೇಳೆ ಹಾಗಲ್ಲ. ಮೊದಲ ದಿನ ಗುರುತು ಹಾಕಿಕೊಂಡ ವಿಳಾಸಕ್ಕೇ ಹೋಗಿ ನಿಲ್ಲುತ್ತದೆ, ಅಲ್ಲಿ ಯಾರೂ ಇಲ್ಲವೆಂದು ಕಂಡು ಆಫ್‌ಲೈನ್ ಎನ್ನುತ್ತದೆ.

ಮೊದಲು ಲ್ಯಾಪ್‌ಟಾಪ್ ಯಾವ ರೂಟರಿಗೆ ಸೇರಿದೆಯೆಂದು ನೋಡಿ. ಮಾಳಿಗೆಯ ಸಣ್ಣ ರೂಟರಿಗೆ ಸೇರಿದ್ದರೆ ಅದು ಬೇರೆಯೇ ಒಂದು ಜಾಲದೊಳಗಿರುತ್ತದೆ. ಅಲ್ಲಿಂದ ಇಂಟರ್ನೆಟ್ ಸರಿಯಾಗಿಯೇ ಬರುವುದರಿಂದ ಅನುಮಾನವೇ ಹುಟ್ಟುವುದಿಲ್ಲ, ಆದರೆ ಕೆಳಗಿನ ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆ ಸಣ್ಣ ರೂಟರಿನಲ್ಲಿ 'ಆ್ಯಕ್ಸೆಸ್ ಪಾಯಿಂಟ್ ಮೋಡ್' ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ. ಆಗ ಅದು ತಾನು ವಿಳಾಸ ಹಂಚುವುದನ್ನು ಬಿಟ್ಟು ಕೆಳಗಿನದರ ಚಾಚಿದ ಕೈಯಂತೆ ಕೆಲಸ ಮಾಡುತ್ತದೆ, ಮನೆಯೆಲ್ಲ ಒಂದೇ ಜಾಲವಾಗುತ್ತದೆ. ಚಿರೆಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಕಲ್ಲು ನೀರು ಕುಡಿದಿರುವಾಗ, ಮೇಲಕ್ಕೆ ಎರಡನೆಯ ರೂಟರ್ ಬೇಕೇ ಬೇಕು, ತೆಗೆದುಹಾಕಬೇಡಿ. 5 ಗಿಗಾಹರ್ಟ್ಸ್ ಅಲೆ ಅಂಥ ಗೋಡೆಯಲ್ಲಿ 2.4ಕ್ಕಿಂತ ಬೇಗ ಸೋಲುತ್ತದೆ.

ಇನ್ನು ವಿಳಾಸವನ್ನು ಸ್ಥಿರಗೊಳಿಸುವ ಕೆಲಸ. ಪ್ರಿಂಟರಿನ ವರದಿಯ ಹಾಳೆಯನ್ನು ಮತ್ತೊಮ್ಮೆ ತೆಗೆಯಿರಿ. ಅದರಲ್ಲಿ ಐಪಿ ವಿಳಾಸವೂ ಮ್ಯಾಕ್ ವಿಳಾಸವೂ (ತಯಾರಿಸುವಾಗಲೇ ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಇರುತ್ತವೆ. ಐಪಿ ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ವಿಳಾಸ ಸಿಗದೆ ಪ್ರಿಂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ, ಆಗ ಎರಡನ್ನೂ ಆರಿಸಿ ಹಚ್ಚಬೇಕು. ನಿಮ್ಮ ಫೋನಿನಿಂದ ಮುದ್ರಣ ಆಗಿರುವುದರಿಂದ ಹಾಗಿರಲಾರದು. ರೂಟರಿನ ಪುಟದಲ್ಲಿ ಡಿಎಚ್‌ಸಿಪಿ ಎಂಬ ಭಾಗದೊಳಗೆ 'ಅಡ್ರೆಸ್ ರಿಸರ್ವೇಶನ್' ಇರುತ್ತದೆ. ಅಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸವನ್ನು ತುಂಬಿ ಅದಕ್ಕೊಂದು ಐಪಿ ವಿಳಾಸವನ್ನು ಕಾಯ್ದಿರಿಸಿದರೆ, ಎಷ್ಟು ಸಲ ಕರೆಂಟು ಹೋಗಿ ಬಂದರೂ ಪ್ರಿಂಟರಿಗೆ ಅದೇ ವಿಳಾಸ ಸಿಗುತ್ತದೆ. ನಮ್ಮ ಜಿಲ್ಲೆಯ ಮಳೆಗಾಲಕ್ಕೆ ಇದು ತಪ್ಪದೆ ಮಾಡಿಕೊಳ್ಳಬೇಕಾದ ಕೆಲಸ ಎಂದೇ ನಾನು ಹೇಳುತ್ತೇನೆ.

ಬಳಿಕ ಲ್ಯಾಪ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್' ತೆರೆದು, ನಿಮ್ಮ ಪ್ರಿಂಟರನ್ನು ಆರಿಸಿ, 'ಪ್ರಿಂಟರ್ ಪ್ರಾಪರ್ಟೀಸ್' ಒಳಗಿನ 'ಪೋರ್ಟ್ಸ್' ಎಂಬ ಪುಟಕ್ಕೆ ಹೋಗಿ. 'ಆ್ಯಡ್ ಪೋರ್ಟ್' ಒತ್ತಿ 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಆರಿಸಿ ಕಾಯ್ದಿರಿಸಿದ ವಿಳಾಸವನ್ನು ಕೊಡಿ. ಪ್ರಿಂಟರನ್ನು ಅಳಿಸಿ ಹೊಸದಾಗಿ ಸೇರಿಸಿದರೂ ಲ್ಯಾಪ್‌ಟಾಪ್ ಅದನ್ನು ಕಂಡುಕೊಳ್ಳುತ್ತದೆ, ಆದರೆ ಹೀಗೆ ಮಾಡಿದರೆ ಹೆಚ್ಚು ಕಾಲ ನಿಲ್ಲುತ್ತದೆ. ಆಫ್‌ಲೈನ್ ಇದ್ದಾಗ ಕೊಟ್ಟ ಹಳೆಯ ಮುದ್ರಣಗಳು ಸಾಲಿನಲ್ಲಿ ಕೂತಿರುತ್ತವೆ. ಅವನ್ನು ಮೊದಲು ತೆಗೆದುಹಾಕದಿದ್ದರೆ ಸಂಪರ್ಕ ಬಂದೊಡನೆ ಎಲ್ಲವೂ ಒಟ್ಟಿಗೆ ಮುದ್ರಣವಾಗಿ ಕಾಗದ ಹಾಳಾಗುತ್ತದೆ.

ಸಿಡಿಲಿನ ಬಗ್ಗೆಯೂ ಒಂದು ಮಾತು. ಫೈಬರ್‌ನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದ್ದರಿಂದ ಫೈಬರ್ ಬಂದ ಮೇಲೆ ಸಿಡಿಲಿನ ಭಯವಿಲ್ಲ ಎಂದು ಕೆಲವರು ನಂಬಿದ್ದಾರೆ. ರೂಟರಿಗೆ ಕರೆಂಟು ಕೊಡುವ ಅಡಾಪ್ಟರ್, ಎರಡು ರೂಟರುಗಳ ನಡುವೆ ಎಳೆದ ತಾಮ್ರದ ಲ್ಯಾನ್ ಕೇಬಲ್, ಫೈಬರನ್ನು ಕಂಬದಿಂದ ಕಂಬಕ್ಕೆ ಹೊರುವ ಉಕ್ಕಿನ ತಂತಿ, ಇವು ಮೂರೂ ಒಯ್ಯಬಲ್ಲವು. ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರನ್ನೂ ಲ್ಯಾನ್ ಕೇಬಲನ್ನೂ ಪ್ರಿಂಟರಿನ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಮತ್ತೆ ಹಚ್ಚುವಾಗ ಮೊದಲು ರೂಟರ್ ಹಚ್ಚಿ, ಅದು ಪೂರ್ತಿ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬಿಟ್ಟು, ಆಮೇಲೆ ಪ್ರಿಂಟರ್ ಹಚ್ಚಿ.

ಮತ್ತೆ ಪ್ರಶ್ನೆ ಕೇಳಿದವರು

ಎರಡು ಕಾರಣಗಳೂ ಇದ್ದವು. ಲ್ಯಾಪ್‌ಟಾಪ್ ಮಾಳಿಗೆಯ ರೂಟರಿಗೆ ಸೇರಿತ್ತು, ಪೋರ್ಟಿನಲ್ಲಿ 192.168.0 ಎಂದು ಆರಂಭವಾಗುವ ಹಳೆಯ ವಿಳಾಸವೂ ಹಾಗೆಯೇ ಇತ್ತು. ಸಣ್ಣ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮಾಡಿದೆ, ಪ್ರಿಂಟರಿಗೆ ವಿಳಾಸ ಕಾಯ್ದಿರಿಸಿದೆ, ಹೊಸ ಪೋರ್ಟ್ ಸೇರಿಸಿದೆ. ಸಾಲಿನಲ್ಲಿದ್ದ ಹದಿನಾಲ್ಕು ಹಳೆಯ ಮುದ್ರಣಗಳನ್ನು ಮೊದಲೇ ಅಳಿಸಿದೆ. ಇವತ್ತು ಬೆಳಿಗ್ಗೆ ಎರಡು ಸಲ ಕರೆಂಟು ಹೋಯಿತು. ಎರಡು ಸಲವೂ ಪ್ರಿಂಟರ್ ತಾನಾಗಿಯೇ ಮರಳಿ ಸೇರಿತು. ತ್ರಿಕೋನಮಿತಿಯ ಹಾಳೆಗಳು ಹನ್ನೊಂದು ಮಕ್ಕಳಿಗೂ ಸಿದ್ಧವಾಗಿವೆ. ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು.

ಉತ್ತರ: ಕಾರವಾರದಿಂದ

ಬಹಳ ಸಂತೋಷವಾಯಿತು, ಅಕ್ಕೋರೇ. ಇನ್ನೊಂದು ಕೆಲಸ ಉಳಿದಿದೆ. ಮುಂದೆ ಯಾವಾಗಲಾದರೂ ಸಂಪರ್ಕದವರು ರೂಟರನ್ನು ಮೂಲ ಸ್ಥಿತಿಗೆ ತಂದರೆ, ಅಥವಾ ಬದಲಿಸಿದರೆ, ನೀವು ಮಾಡಿದ ಬದಲಾವಣೆಗಳೆಲ್ಲ ಅಳಿಸಿಹೋಗುತ್ತವೆ. 2.4ರ ಹೆಸರು, ಡಬ್ಲ್ಯೂಪಿಎ 2 ಎಇಎಸ್, ಚಾನೆಲ್ 6, ಪ್ರಿಂಟರಿನ ಮ್ಯಾಕ್ ವಿಳಾಸ ಮತ್ತು ಕಾಯ್ದಿರಿಸಿದ ಐಪಿ ವಿಳಾಸ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ಕೈಪಿಡಿಯೊಳಗೆ ಇಟ್ಟುಕೊಳ್ಳಿ. ಅವರು ಬಂದ ದಿನ ಆ ಚೀಟಿಯನ್ನೇ ಕೈಗೆ ಕೊಟ್ಟು, ಇದರಂತೆ ಇಟ್ಟು ಹೋಗಿ ಎಂದು ಹೇಳಬಹುದು.